ತವರಿನ ಕಾಲೇಜು ವಿದ್ಯಾರ್ಥಿಗಳಿಗಾಗಿ ಕಟ್ಟಿದ ನಮ್ಮ ಸಂಸ್ಥೆ: ಮುಂದಿನ ದಾರಿಯ ಬಗ್ಗೆ ಸದಸ್ಯರ ಚರ್ಚೆ

ಕಾರ್ಯದರ್ಶಿ, ಮಿಚಿಗನ್

ಸದಸ್ಯ ಬಂಧುಗಳಿಗೆ ನಮಸ್ಕಾರ.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಉಳಿದೆಲ್ಲ ವಿಷಯಗಳನ್ನು ಬದಿಗಿಟ್ಟು ಒಂದೇ ಪ್ರಶ್ನೆಯನ್ನು ಚರ್ಚಿಸಬೇಕೆಂದು ಕಾರ್ಯಕಾರಿ ಸಮಿತಿ ತೀರ್ಮಾನಿಸಿದೆ. ಕರ್ನಾಟಕದ ಕಾಲೇಜು ವಿದ್ಯಾರ್ಥಿಗಳಿಗೆ ನೆರವಾಗಲೆಂದು ಅಮೆರಿಕದ ಕನ್ನಡಿಗರು ಕಟ್ಟಿದ ನಮ್ಮ ಸಂಸ್ಥೆಯನ್ನು ಈಗಿರುವಂತೆಯೇ ನಡೆಸಿಕೊಂಡು ಹೋಗಬೇಕೇ, ಅದರ ಸ್ವರೂಪವನ್ನು ಬದಲಿಸಬೇಕೇ, ಅಥವಾ ಉಳಿದಿರುವ ನಿಧಿಯನ್ನು ಇದೇ ಉದ್ದೇಶದ ಬೇರೊಂದು ಸಂಸ್ಥೆಗೆ ಒಪ್ಪಿಸಿ ಮುಚ್ಚಬೇಕೇ ಎಂಬುದೇ ಆ ಪ್ರಶ್ನೆ. ಮುಚ್ಚುವ ಮಾತನ್ನು ಎತ್ತಿದ್ದರಿಂದ ಕೆಲವು ಹಿರಿಯರಿಗೆ ನೋವಾಗಿದೆಯೆಂದು ತಿಳಿದುಬಂದಿದೆ. ಆದರೆ ದೇಣಿಗೆ ಕೊಟ್ಟವರ ಹಣ ಬ್ಯಾಂಕಿನಲ್ಲಿ ಸುಮ್ಮನೆ ಕುಳಿತಿರುವಾಗ ಆ ಪ್ರಶ್ನೆಯನ್ನು ಕೇಳದೆ ಇರುವುದು ಅವರಿಗೆ ಸಲ್ಲಬೇಕಾದ ಗೌರವವಲ್ಲ ಎಂದು ನಾನು ಭಾವಿಸುತ್ತೇನೆ.

ಪರಿಸ್ಥಿತಿ ಹೀಗಿದೆ. ಸಂಸ್ಥೆಯನ್ನು ಕಟ್ಟಿದವರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದ್ದಾರೆ. ಕಿರಿಯರು ಏಕೆ ಬರುತ್ತಿಲ್ಲ ಎಂಬ ಬೇಸರ ನನ್ನದು. ಯುಗಾದಿ ಮತ್ತು ರಾಜ್ಯೋತ್ಸವದ ಕಾರ್ಯಕ್ರಮಗಳಲ್ಲಿ ಮೇಜು ಹಾಕಿ ದೇಣಿಗೆ ಕೇಳುವ ಪದ್ಧತಿ ಇಂದಿಗೂ ನಡೆದಿದೆ, ಆದರೆ ಕೊಡುವವರು ಮೊದಲು ಕೊಡುತ್ತಿದ್ದವರೇ. ಅರ್ಜಿಗಳು ಬರುವುದು ನಮ್ಮ ಸದಸ್ಯರ ಬಂಧುಬಳಗವಿರುವ ಊರುಗಳಿಂದ. ಮೈಸೂರು, ದಾವಣಗೆರೆ, ಧಾರವಾಡದ ಕಡೆಯಿಂದ ಸಾಕಷ್ಟು ಬಂದರೆ ಯಾದಗಿರಿಯಿಂದ ಬರುವುದೇ ಅಪರೂಪ. ಆಯ್ಕೆಯನ್ನು ನಾವು ಇಲ್ಲಿಯೇ ಕುಳಿತು, ಅಂಕಪಟ್ಟಿ ಮತ್ತು ಆದಾಯ ಪ್ರಮಾಣಪತ್ರಗಳ ಪ್ರತಿಗಳನ್ನು ನೋಡಿ ಮಾಡುತ್ತೇವೆ. ಹಣ ಕೊಟ್ಟ ನಂತರ ಆ ವಿದ್ಯಾರ್ಥಿ ಪದವಿ ಮುಗಿಸಿದನೇ, ನಡುವೆ ಬಿಟ್ಟನೇ ಎಂಬುದನ್ನು ತಿಳಿಯುವ ಯಾವ ವ್ಯವಸ್ಥೆಯೂ ನಮ್ಮಲ್ಲಿಲ್ಲ.

ಯಾರಿಗೆ ಕೊಡಬೇಕು, ಹೇಗೆ ಕಳುಹಿಸಬೇಕು, ಯಾರು ನಿರ್ಧರಿಸಬೇಕು ಎಂಬ ಮೂರು ವಿಷಯಗಳು ಒಂದಕ್ಕೊಂದು ಹೆಣೆದುಕೊಂಡಿವೆ. ನಿರ್ಧರಿಸುವವರು ವಿದ್ಯಾರ್ಥಿಗಳಿಗೆ ಹತ್ತಿರವಾದರೆ ಉಳಿದೆರಡು ಪ್ರಶ್ನೆಗಳಿಗೂ ಉತ್ತರ ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ. ದಯವಿಟ್ಟು ಎಲ್ಲರೂ ವಿವರವಾಗಿ ಬರೆಯಿರಿ. ಊರಿನಲ್ಲಿರುವ ಹಿತೈಷಿಗಳನ್ನೂ ಈ ಚರ್ಚೆಗೆ ಸೇರಿಸಿದ್ದೇವೆ.

ಮಾಜಿ ಖಜಾಂಚಿ, ನ್ಯೂಜೆರ್ಸಿ

ಕಾರ್ಯದರ್ಶಿಗಳು ಎತ್ತಿದ ಎರಡನೆಯ ವಿಷಯದ ಬಗ್ಗೆ ಬರೆಯುತ್ತೇನೆ. ಹಣ ಏಕೆ ಕುಳಿತಿದೆ ಎಂಬುದು ಬಹಳ ಸದಸ್ಯರಿಗೆ ತಿಳಿದಿಲ್ಲ, ಮತ್ತು ಅದು ಯಾರ ಉದಾಸೀನದ ಫಲವೂ ಅಲ್ಲ.

ಮೊದಲು ನಮ್ಮ ಹಣ ಬೆಂಗಳೂರಿನ ಒಂದು ಟ್ರಸ್ಟಿಗೆ ಹೋಗುತ್ತಿತ್ತು. ಆ ಟ್ರಸ್ಟ್ ಅದನ್ನು ಜಿಲ್ಲೆಗಳ ಚಿಕ್ಕ ಸಂಸ್ಥೆಗಳಿಗೆ ಹಂಚುತ್ತಿತ್ತು. ಆ ಚಿಕ್ಕ ಸಂಸ್ಥೆಗಳವರೇ ವಿದ್ಯಾರ್ಥಿಗಳನ್ನು ನಿಜವಾಗಿ ಬಲ್ಲವರು. ಭಾರತದ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್.ಸಿ.ಆರ್.ಎ., 2010ರಲ್ಲಿ ಬಂದದ್ದು; ಅದಕ್ಕೆ 2020ರಲ್ಲಿ ಆದ ತಿದ್ದುಪಡಿ ಈ ಹಂಚಿಕೆಯನ್ನು ಸಂಪೂರ್ಣವಾಗಿ ನಿಲ್ಲಿಸಿತು. ವಿದೇಶಿ ವಂತಿಗೆಯನ್ನು ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ, ಆ ಸಂಸ್ಥೆಗೂ ನೋಂದಣಿ ಇದ್ದರೂ ಸಹ, ವರ್ಗಾಯಿಸುವಂತಿಲ್ಲ. ಅದೇ ತಿದ್ದುಪಡಿಯಲ್ಲಿ ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಹಣ ಮೊದಲು ಬಂದು ಸೇರಬೇಕಾದ ಖಾತೆ ದೆಹಲಿಯಲ್ಲಿರುವ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲೇ ಇರಬೇಕೆಂಬ ನಿಯಮವೂ ಬಂತು. ನಮ್ಮ ಸರಪಳಿಯ ಮಧ್ಯದ ಕೊಂಡಿ ಹೀಗೆ ಕಳಚಿತು. ಬೆಂಗಳೂರಿನ ಟ್ರಸ್ಟ್ ನೇರವಾಗಿ ವಿದ್ಯಾರ್ಥಿಗಳನ್ನು ತಲುಪುವಷ್ಟು ದೊಡ್ಡದಲ್ಲ, ಜಿಲ್ಲೆಯ ಸಂಸ್ಥೆಗಳಿಗೆ ನೋಂದಣಿ ಇಲ್ಲ.

ಜಿಲ್ಲೆಯ ಸಂಸ್ಥೆಯೊಂದು ಹೊಸದಾಗಿ ನೋಂದಣಿ ಪಡೆಯಬೇಕಾದರೆ ಸಾಮಾನ್ಯವಾಗಿ ಅದು ಕನಿಷ್ಠ ಮೂರು ವರ್ಷಗಳಿಂದ ಅಸ್ತಿತ್ವದಲ್ಲಿರಬೇಕು ಮತ್ತು ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ತನ್ನ ಮೂಲ ಉದ್ದೇಶಗಳಿಗಾಗಿ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಅಷ್ಟು ಮಾಡಿಲ್ಲದವರಿಗೆ ಪೂರ್ವಾನುಮತಿಯ ದಾರಿಯಿದೆ: ನಿರ್ದಿಷ್ಟ ದಾನಿಯಿಂದ, ನಿರ್ದಿಷ್ಟ ಮೊತ್ತವನ್ನು, ನಿರ್ದಿಷ್ಟ ಕೆಲಸಕ್ಕೆ ಪಡೆಯಲು ಕೇಂದ್ರ ಗೃಹ ಸಚಿವಾಲಯದ ಒಪ್ಪಿಗೆ ಪಡೆಯುವುದು. ನೋಂದಣಿ ಸಿಕ್ಕರೂ ಅದರ ಅವಧಿ ಐದು ವರ್ಷ ಮಾತ್ರ. ಪ್ರತಿ ಹಣಕಾಸು ವರ್ಷ ಮುಗಿದ ಒಂಬತ್ತು ತಿಂಗಳೊಳಗೆ ಎಫ್.ಸಿ.-4 ವಾರ್ಷಿಕ ವಿವರ ಸಲ್ಲಿಸಬೇಕು. ಇದನ್ನೆಲ್ಲ ನಿಭಾಯಿಸಲು ಅಲ್ಲಿ ಒಬ್ಬ ಜವಾಬ್ದಾರಿಯುತ ಲೆಕ್ಕಪರಿಶೋಧಕರು ಬೇಕು. ಅವರ ಶುಲ್ಕವನ್ನು ಆಡಳಿತ ವೆಚ್ಚವೆಂದು ಕೀಳಾಗಿ ಕಾಣುವ ಅಭ್ಯಾಸವನ್ನು ನಾವು ಬಿಡಬೇಕು.

ಕೆಲವರು ನನ್ನನ್ನು ಖಾಸಗಿಯಾಗಿ ಕೇಳಿದ್ದಾರೆ: ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ನಾವು ನೇರವಾಗಿ ಅಲ್ಲಿಯ ಟ್ರಸ್ಟಿಗೆ ಕಳುಹಿಸಬಾರದೇ ಎಂದು. ಭಾರತೀಯ ಪ್ರಜೆ ತನ್ನ ಸ್ವಂತ ಉಳಿತಾಯದಿಂದ, ಬ್ಯಾಂಕಿನ ಮೂಲಕ ಕಳುಹಿಸುವ ಹಣ ವಿದೇಶಿ ವಂತಿಗೆಯ ವ್ಯಾಖ್ಯೆಯೊಳಗೆ ಬರುವುದಿಲ್ಲ. ಅಮೆರಿಕದ ಪೌರತ್ವ ಪಡೆದವರು ಕೊಟ್ಟರೆ, ಅವರ ಬಳಿ ಒ.ಸಿ.ಐ. (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ಅದು ವಿದೇಶಿ ವಂತಿಗೆಯೇ. ಹಾಗೆ ನೇರವಾಗಿ ಕೊಟ್ಟ ಹಣಕ್ಕೆ ಇಲ್ಲಿ ತೆರಿಗೆ ವಿನಾಯಿತಿ ಸಿಗುವುದಿಲ್ಲ ಎಂಬುದನ್ನೂ ಗಮನದಲ್ಲಿಡಿ. ವಿನಾಯಿತಿ ಬೇಕಾದರೆ 501(ಸಿ)(3), ಅಂದರೆ ಅಮೆರಿಕದ ತೆರಿಗೆ ಕಾನೂನಿನಡಿ ದತ್ತಿ ಸಂಸ್ಥೆಯೆಂಬ, ಮಾನ್ಯತೆ ಇರುವ ನಮ್ಮಂತಹ ಸಂಸ್ಥೆಯ ಮೂಲಕವೇ ಬರಬೇಕು. ಆಗ ಹಣ ಎಲ್ಲಿಗೆ ಹೋಗಬೇಕೆಂಬ ಕೊನೆಯ ತೀರ್ಮಾನ ನಮ್ಮ ನಿರ್ದೇಶಕ ಮಂಡಳಿಯದ್ದಾಗಿರಬೇಕು, ದಾನಿಯದ್ದಲ್ಲ. "ಈ ಸಾವಿರ ಡಾಲರ್ ನನ್ನ ಅಕ್ಕನ ಮಗನಿಗೇ ಸೇರಲಿ" ಎಂಬ ಷರತ್ತಿನ ದೇಣಿಗೆಯನ್ನು ನಾವು ಸ್ವೀಕರಿಸುವಂತಿಲ್ಲ. ಕಾರ್ಯದರ್ಶಿಗಳು ಸೂಚಿಸಿದ ಸ್ಥಳೀಯ ಆಯ್ಕೆಗೂ ಇದೇ ಚೌಕಟ್ಟು: ಅಲ್ಲಿಯ ಸಮಿತಿ ಶಿಫಾರಸು ಮಾಡಬಹುದು, ನಿಯಮ ರೂಪಿಸಿ ಒಪ್ಪಿಗೆ ನೀಡುವ ಹೊಣೆ ಮಂಡಳಿಯ ಕೈಯಲ್ಲೇ ಉಳಿಯಬೇಕು.

ನಿವೃತ್ತ ಪ್ರಾಂಶುಪಾಲರು, ರಾಯಚೂರು ಜಿಲ್ಲೆ

ಹೊರನಾಡಿನ ಬಂಧುಗಳಿಗೆ ನಮಸ್ಕಾರಗಳು. ನನ್ನನ್ನು ಈ ಚರ್ಚೆಗೆ ಕರೆದಿದ್ದಕ್ಕೆ ಕೃತಜ್ಞನಾಗಿದ್ದೇನೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಸೇವೆ ಸಲ್ಲಿಸಿದವನಾಗಿ, ನಮ್ಮ ಮಕ್ಕಳಿಗೆ ಯಾವ ಹೊತ್ತಿನಲ್ಲಿ ಏನು ಬೇಕಾಗುತ್ತದೆ ಎಂಬುದನ್ನು ಮಾತ್ರ ಹೇಳುತ್ತೇನೆ.

ಕರ್ನಾಟಕದಲ್ಲಿ ಕಾಲೇಜುಗಳ ಕೊರತೆಯಿಲ್ಲ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 18ರಿಂದ 23 ವರ್ಷದೊಳಗಿನ ಪ್ರತಿ ಲಕ್ಷ ಯುವಜನರಿಗೆ ನಮ್ಮಲ್ಲಿ 66 ಕಾಲೇಜುಗಳಿದ್ದವು. ದೇಶದ ಸರಾಸರಿ 30. ಆದರೆ ರಾಜ್ಯದ ಒಟ್ಟು ಕಾಲೇಜುಗಳಲ್ಲಿ ಸಾವಿರಕ್ಕೂ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ ಇವೆ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಿಗೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಬಂದು ದಶಕ ಕಳೆದಿದೆ, ರಾಯಚೂರಿಗೆ ಸ್ವಂತ ವಿಶ್ವವಿದ್ಯಾಲಯವೂ ಬಂದಿದೆ. ತಾಲ್ಲೂಕು ಕಾಲೇಜಿನ ತರಗತಿಯಲ್ಲಿ ಮಾತ್ರ ಇಂದಿಗೂ ಪಾಠದ ದೊಡ್ಡ ಹೊರೆ ಅತಿಥಿ ಉಪನ್ಯಾಸಕರ ಮೇಲಿದೆ, ಮತ್ತು ಅವರು ವರ್ಷದ ಆರಂಭದಲ್ಲಿ ನೇಮಕವಾಗುವ ಹೊತ್ತಿಗೆ ಕೆಲವು ವಾರಗಳ ಪಾಠ ಹೋಗಿರುತ್ತದೆ.

ನಮ್ಮ ಕಡೆಯ ವಿದ್ಯಾರ್ಥಿ ಓದು ಬಿಡುವುದು ಹೇಗೆಂದು ಕೇಳಿ. ಸರ್ಕಾರಿ ಕಾಲೇಜಿನ ಶುಲ್ಕ ಕಟ್ಟಲಾಗದೆ ಬಿಡುವವರು ಕಡಿಮೆ. ತರಗತಿ ಶುರುವಾಗುತ್ತದೆ, ಬಿ.ಸಿ.ಎಂ. (ಹಿಂದುಳಿದ ವರ್ಗಗಳ) ಹಾಸ್ಟೆಲಿನ ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿನ ಸೀಟು ಹಂಚಿಕೆ ಆಮೇಲೆ ಆಗುತ್ತದೆ. ಆ ನಡುವಿನ ವಾರಗಳಲ್ಲಿ ಊರಿನಿಂದ ಬಂದ ಹುಡುಗ ಎಲ್ಲಿ ಮಲಗಬೇಕು, ಎಲ್ಲಿ ಉಣ್ಣಬೇಕು? ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್.ಎಸ್.ಪಿ. ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್.ಡಿ. ಎಂಬ ಗುರುತಿನ ಸಂಖ್ಯೆ ಬೇಕು, ಆಧಾರ್‌ನಲ್ಲಿರುವ ಹೆಸರು ಅಂಕಪಟ್ಟಿಯ ಹೆಸರಿಗೆ ಹೊಂದಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಹಣ ನಿಲ್ಲುತ್ತದೆ. ಎಲ್ಲವೂ ಸರಿಯಿದ್ದರೂ ಹಣ ಕೈಗೆ ಬರುವಾಗ ವರ್ಷದ ಬಹುಭಾಗ ಕಳೆದಿರುತ್ತದೆ. ಹತ್ತಿ ಬಿಡಿಸುವ ಕಾಲಕ್ಕೆ ಮಕ್ಕಳು ಹೊಲಕ್ಕೆ ಹೋಗುತ್ತಾರೆ. ಮಳೆ ಕೈಕೊಟ್ಟ ವರ್ಷ ಮನೆಮಂದಿಯೆಲ್ಲ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಹಾಜರಾತಿ ಶೇ 75 ಇಲ್ಲದೆ ಪರೀಕ್ಷೆಗೆ ಕೂರುವಂತಿಲ್ಲ. ಮೂರನೆಯ ಸೆಮಿಸ್ಟರಿನ ಹೊತ್ತಿಗೆ ಹುಡುಗನ ಹೆಸರು ಹಾಜರಾತಿ ಪುಸ್ತಕದಿಂದ ಹೋಗಿರುತ್ತದೆ.

ನಿಮ್ಮ ನೆರವು ತಲುಪಬೇಕಾದದ್ದು ಈ ಬಿರುಕುಗಳಿಗೆ. ನಿಮ್ಮ ಅರ್ಜಿ ನಮೂನೆಯಲ್ಲಿ ಶೇ 85 ಅಂಕಗಳ ಷರತ್ತಿದೆ. ಅಷ್ಟು ಅಂಕ ತೆಗೆದವರಿಗೆ ಮಠಗಳು, ಸಮಾಜಗಳು, ಕಂಪನಿಗಳ ಸಿ.ಎಸ್.ಆರ್. ನಿಧಿ ಹೀಗೆ ಹತ್ತು ಬಾಗಿಲುಗಳು ತೆರೆದಿರುತ್ತವೆ. ಸರ್ಕಾರಿ ಶಾಲೆ-ಕಾಲೇಜುಗಳಲ್ಲಿ ಓದಿ ಪದವಿಗೆ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ವರ್ಷಕ್ಕೆ 30,000 ರೂಪಾಯಿ ಕೊಡಲಾರಂಭಿಸಿದೆ. ಹೆಣ್ಣುಮಕ್ಕಳ ಬಸ್ ಪಾಸಿಗೆಂದು ನೀವು ಕೊಡುತ್ತಿರುವ ಹಣದ ಅಗತ್ಯ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಲೇ ಬಹುಮಟ್ಟಿಗೆ ತೀರಿದೆ. ಗಂಡುಮಕ್ಕಳು ಇಂದಿಗೂ ಪಾಸಿಗೆ ದುಡ್ಡು ಕೊಡುತ್ತಾರೆ. ಶೇ 55 ಅಂಕ ತೆಗೆದು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವನ ಬಾಗಿಲಿಗೆ ಯಾರೂ ಬರುವುದಿಲ್ಲ.

ದಯವಿಟ್ಟು ಕಂಪ್ಯೂಟರ್‌ಗಳನ್ನು ಕಳುಹಿಸಬೇಡಿ ಎಂದೂ ವಿನಂತಿಸುತ್ತೇನೆ. ದಾಸ್ತಾನು ಪುಸ್ತಕಕ್ಕೆ ಸೇರಿದ ವಸ್ತು ಕೆಟ್ಟರೆ ಯಾರು ಉತ್ತರ ಹೇಳಬೇಕೆಂಬ ಭಯಕ್ಕೆ ಅವು ಬೀಗ ಹಾಕಿದ ಕೋಣೆಯಲ್ಲಿ ಹಳತಾಗುವುದನ್ನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ.

ಸ್ಥಾಪಕ ಸದಸ್ಯರು, ಶಿಕಾಗೊ

ಪ್ರಾಂಶುಪಾಲರ ಮಾತನ್ನು ಎರಡು ಬಾರಿ ಓದಿದೆ. ಅವರ ಅನುಭವಕ್ಕೆ ತಲೆಬಾಗುತ್ತೇನೆ, ಆದರೂ ನನ್ನ ಭಿನ್ನಾಭಿಪ್ರಾಯವನ್ನು ದಾಖಲಿಸಬೇಕು.

ನಾವು ಈ ಸಂಸ್ಥೆಯನ್ನು ಕಟ್ಟಿದಾಗ ಮನಸ್ಸಿನಲ್ಲಿದ್ದದ್ದು ವಾರಾನ್ನದ ನೆನಪು. ನಮ್ಮ ತಂದೆಯವರ ಪೀಳಿಗೆಯ ಎಷ್ಟೋ ಮಂದಿ ವಾರಕ್ಕೆ ಏಳು ಮನೆಗಳಲ್ಲಿ ಉಂಡು ಓದಿದವರು. 1906ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಬಿಟ್ಟುಹೋದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ತರುಣ ಶಿಕ್ಷಕರು ಕೆ.ಎಲ್.ಇ. ಸಂಸ್ಥೆಯನ್ನು ಆರಂಭಿಸಿದರು. ಅಂತಹ ಪರಂಪರೆಯಲ್ಲಿ ಪ್ರತಿಭೆಯನ್ನು ಗುರುತಿಸಿ ಮುಂದೆ ತರುವುದಕ್ಕೆ ದೊಡ್ಡ ಸ್ಥಾನವಿತ್ತು. ಅಂಕವನ್ನು ಪೂರ್ತಿ ಕೈಬಿಟ್ಟರೆ ಆಯ್ಕೆಗೆ ಯಾವ ಆಧಾರ ಉಳಿಯುತ್ತದೆ? ಶಿಫಾರಸು, ಜಾತಿ, ಪರಿಚಯ ಇವು ಒಳಗೆ ಬರುವುದಿಲ್ಲವೆಂದು ಯಾರು ಖಾತರಿ ಕೊಡುತ್ತಾರೆ? ಅಂಕಪಟ್ಟಿ ಒರಟು ಅಳತೆಗೋಲಾದರೂ ಎಲ್ಲರಿಗೂ ಕಾಣುವ ಅಳತೆಗೋಲು.

ಇನ್ನೊಂದು ಮಾತು. ತಂದೆತಾಯಿಯರ ಹೆಸರಿನಲ್ಲಿ ಸದಸ್ಯರು ಇಟ್ಟ ದತ್ತಿಗಳಿವೆ. ಅವು ಕೇವಲ ಹಣವಲ್ಲ. ಹೆಸರು ಅಳಿಸಿ ಎಲ್ಲವನ್ನೂ ಒಂದೇ ನಿಧಿಗೆ ಸುರಿಯುವುದಾದರೆ ನಾನು ಒಪ್ಪುವುದಿಲ್ಲ. ಕೊಡುವ ಹಣವನ್ನು ಬಡ್ಡಿಯಿಲ್ಲದ ಸಾಲವಾಗಿ ಕೊಟ್ಟು, ವಿದ್ಯಾರ್ಥಿವೇತನ ಬಂದ ಮೇಲೆ ಹಿಂದಿರುಗಿಸುವಂತೆ ಮಾಡಿದರೆ ಅದೇ ಹಣ ಮರುವರ್ಷ ಇನ್ನೊಬ್ಬರಿಗೆ ಒದಗುತ್ತದೆ ಎಂಬುದನ್ನೂ ಸಭೆ ಯೋಚಿಸಲಿ.

ಹಿಂದೆ ನೆರವು ಪಡೆದವರು, ಬೆಂಗಳೂರು

ಎಲ್ಲ ಹಿರಿಯರಿಗೂ ನಮಸ್ಕಾರ. ಈ ಸಂಸ್ಥೆಯ ನೆರವಿನಿಂದ ಬಿ.ಎಸ್ಸಿ. ಮುಗಿಸಿದವಳು ನಾನು; ಈಗ ಕೆಲಸದಲ್ಲಿದ್ದೇನೆ. ಆ ಹಣ ಇಲ್ಲದಿದ್ದರೆ ಎರಡನೆಯ ವರ್ಷದಲ್ಲಿ ನನ್ನ ಮದುವೆಯಾಗುತ್ತಿತ್ತು. ಆದ್ದರಿಂದ ನನ್ನ ಮಾತನ್ನು ದೂರೆಂದು ಯಾರೂ ತಿಳಿಯಬಾರದೆಂದು ಕೋರುತ್ತೇನೆ.

ಚೆಕ್ ಕೊಡುವ ಸಮಾರಂಭವನ್ನು ನಿಲ್ಲಿಸಿ. ವೇದಿಕೆಯ ಮೇಲೆ ನಿಲ್ಲಿಸಿ, ಅಪ್ಪ ಕೂಲಿಯವರು, ಅಮ್ಮ ಬಿಸಿಯೂಟದ ಅಡುಗೆಯವರು ಎಂದು ಧ್ವನಿವರ್ಧಕದಲ್ಲಿ ಓದಿದಾಗ ಸಭೆಯಲ್ಲಿ ಚಪ್ಪಾಳೆ ಬರುತ್ತದೆ. ಮರುದಿನ ಅದೇ ತರಗತಿಯಲ್ಲಿ ಕೂರಬೇಕಾದವರು ನಾವು. ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬಂದರೆ ಸಾಕು. ಕೊಟ್ಟವರಿಗೆ ನಾವೇ ಪತ್ರ ಬರೆಯುತ್ತೇವೆ, ಮನಸ್ಸಿನಿಂದ ಬರೆಯುತ್ತೇವೆ.

ಹಣಕ್ಕಿಂತ ಹೆಚ್ಚಾಗಿ ನನಗೆ ಆಗ ಬೇಕಾಗಿದ್ದದ್ದು ಇನ್ನೊಂದಿತ್ತು. ಪಿ.ಯು.ಸಿ.ವರೆಗೆ ಕನ್ನಡದಲ್ಲೇ ಪ್ರಶ್ನೆ ಕೇಳಿ ಉತ್ತರ ಅರ್ಥ ಮಾಡಿಕೊಳ್ಳುತ್ತಿದ್ದ ನಾನು ಬಿ.ಎಸ್ಸಿ. ಮೊದಲ ಸೆಮಿಸ್ಟರಿನಲ್ಲಿ ಭೌತಶಾಸ್ತ್ರದ ಇಂಗ್ಲಿಷ್ ಪಠ್ಯದ ಮುಂದೆ ಮೂಕಿಯಾದೆ. ವಿಷಯ ಗೊತ್ತಿತ್ತು, ವಾಕ್ಯ ಬರುತ್ತಿರಲಿಲ್ಲ. ಒಬ್ಬ ಹಿರಿಯ ವಿದ್ಯಾರ್ಥಿನಿ ಸಂಜೆ ಹೊತ್ತು ಕುಳಿತು ಅದೇ ಪಾಠವನ್ನು ಮೊದಲು ಕನ್ನಡದಲ್ಲಿ ಹೇಳಿ, ಆಮೇಲೆ ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಯುವುದನ್ನು ಕಲಿಸಿದಳು. ನನ್ನೊಂದಿಗೆ ಸೇರಿದವರಲ್ಲಿ ಬಿಟ್ಟುಹೋದವರೆಲ್ಲ ನನಗಿಂತ ದಡ್ಡರಾಗಿರಲಿಲ್ಲ; ಅವರಿಗೆ ಹೀಗೆ ಕಲಿಸುವವರು ಸಿಗಲಿಲ್ಲ. ಪ್ರತಿ ಕಾಲೇಜಿನಲ್ಲಿ ಅಂತಿಮ ವರ್ಷದ ಕೆಲವರಿಗೆ ತಿಂಗಳಿಗಿಷ್ಟೆಂದು ಗೌರವಧನ ಕೊಟ್ಟು, ಸಂಜೆ ಪಾಠಕ್ಕೂ ಎಸ್.ಎಸ್.ಪಿ. ಅರ್ಜಿ ತುಂಬಿಸುವುದಕ್ಕೂ ಕೂರಿಸಬಹುದು. ಓದುವವರಿಗೂ ಉಪಯೋಗ, ಕಲಿಸುವವರ ಖರ್ಚೂ ನಡೆಯುತ್ತದೆ.

ಸಾಲದ ವಿಷಯದಲ್ಲಿ ಹಿರಿಯರ ಮಾತನ್ನು ಒಪ್ಪಲಾರೆ. ವಿದ್ಯಾರ್ಥಿವೇತನ ಖಾತೆಗೆ ಬಂದ ದಿನ ಮನೆಯಲ್ಲಿ ಅದಕ್ಕಾಗಿ ಕಾದಿರುವ ಸಾಲಗಳು ಬೇರೆ ಇರುತ್ತವೆ. ಹಿಂದಿರುಗಿಸಲಾಗದ ಹುಡುಗಿ ಮುಖ ತೋರಿಸಲು ಅಂಜಿ ಮುಂದಿನ ಸೆಮಿಸ್ಟರಿಗೆ ನೆರವನ್ನೇ ಕೇಳುವುದಿಲ್ಲ. ದುಡಿಯಲು ಶುರುಮಾಡಿದ ಮೇಲೆ ನಮ್ಮನ್ನು ಕೇಳಿ, ಕೊಡುತ್ತೇವೆ. ಇಲ್ಲಿಯವರೆಗೆ ಯಾರೂ ಕೇಳಿಲ್ಲ, ಅಷ್ಟೆ.

ಹೊಸ ಸದಸ್ಯರು, ಡಲ್ಲಾಸ್

ನನ್ನ ವಯಸ್ಸಿನವರು ಏಕೆ ಬರುತ್ತಿಲ್ಲವೆಂದು ಕಾರ್ಯದರ್ಶಿಗಳು ಬೇಸರದಿಂದ ಕೇಳಿದ್ದಾರೆ. ಎಚ್-1ಬಿ ವೀಸಾದಲ್ಲಿ ಇದ್ದು ಹಸಿರು ಕಾರ್ಡಿಗಾಗಿ ಕಾಯುತ್ತಿರುವ ನಮ್ಮಲ್ಲಿ ಊರಿನ ಬಗ್ಗೆ ಮಮತೆ ಕಡಿಮೆಯಿಲ್ಲ. ನಮ್ಮಲ್ಲಿ ಅನೇಕರು ತಾವು ಓದಿದ ಕಾಲೇಜಿಗೆ, ಊರಿನ ಹುಡುಗರಿಗೆ ಯು.ಪಿ.ಐ. ಮೂಲಕ ಈಗಲೂ ಹಣ ಕಳುಹಿಸುತ್ತಾರೆ. ಯಾವ ಸಂಸ್ಥೆಯ ಮೂಲಕವೂ ಅಲ್ಲ.

ನಮ್ಮನ್ನು ದೂರ ಇಡುವುದು ಎರಡು ಸಂಗತಿಗಳು. ಮೊದಲನೆಯದು, ಕೊಟ್ಟ ಹಣ ಏನಾಯಿತೆಂದು ತಿಳಿಯುವುದಿಲ್ಲ. ವಾರ್ಷಿಕ ವರದಿಯಲ್ಲಿ ಛಾಯಾಚಿತ್ರಗಳಿವೆ. ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಪದವಿ ಮುಗಿಸಿದರು ಎಂಬ ಒಂದು ಸಾಲು ಇಲ್ಲ. ಎರಡನೆಯದು, ಕೆಲಸ ಕೇಳಿದರೆ ನಮಗೆ ಸಿಗುವುದು ಕುರ್ಚಿ ಜೋಡಿಸುವ, ಜಾಲತಾಣ ಸರಿಪಡಿಸುವ ಕೆಲಸ. ತೀರ್ಮಾನದ ಮೇಜಿನ ಬಳಿ ಸ್ಥಾನವಿಲ್ಲ. ಒಂದೇ ಹುದ್ದೆಯಲ್ಲಿ ಒಬ್ಬರೇ ಹದಿನೈದು ವರ್ಷ ಇರುವ ಸಂಸ್ಥೆಯೊಳಗೆ ಹೊಸಬರು ಕಾಲಿಡಲು ಹಿಂಜರಿಯುತ್ತಾರೆ. ಇದನ್ನು ಯಾರ ಮೇಲಿನ ಅಸಮಾಧಾನದಿಂದಲೂ ಬರೆಯುತ್ತಿಲ್ಲ. ನಿರ್ದೇಶಕರ ಅವಧಿ ಮೂರು ವರ್ಷ, ಸತತವಾಗಿ ಎರಡು ಅವಧಿಗಿಂತ ಹೆಚ್ಚಿಲ್ಲ ಎಂಬ ನಿಯಮವನ್ನು ಉಪವಿಧಿಗಳಲ್ಲಿ ಬರೆದರೆ ಸಾಕು.

ಒಂದು ಪ್ರಾಯೋಗಿಕ ಅಂಶ: ನಮ್ಮ ಉದ್ಯೋಗದಾತ ಕಂಪನಿಗಳಲ್ಲಿ ಹಲವು ನಾವು ಕೊಟ್ಟ ದೇಣಿಗೆಗೆ ಸಮನಾದ ಮೊತ್ತವನ್ನು ತಾವೂ ಸೇರಿಸುತ್ತವೆ, ಕೆಲವು ನಮ್ಮ ಸ್ವಯಂಸೇವೆಯ ಗಂಟೆಗಳಿಗೂ ಹಣ ಕೊಡುತ್ತವೆ. ಅದಕ್ಕೆ ಸಂಸ್ಥೆಯ ಮಾನ್ಯತೆ ಮತ್ತು ದಾಖಲೆಗಳು ಚೊಕ್ಕವಾಗಿರಬೇಕು. ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ವಾರಕ್ಕೊಮ್ಮೆ ವೀಡಿಯೊ ಕರೆಯಲ್ಲಿ ಪಾಠ ಹೇಳಲು ನಾನು ಸಿದ್ಧನಿದ್ದೇನೆ, ಆದರೆ ಮೇಲಿನ ಸಹೋದರಿ ಹೇಳಿದಂತೆ ಪಕ್ಕದಲ್ಲಿ ಕುಳಿತು ಕಲಿಸುವವರಿಗೆ ಅದು ಪೂರಕವಾಗಬಹುದೇ ಹೊರತು ಪರ್ಯಾಯವಾಗದು.

ಮಾಜಿ ಖಜಾಂಚಿ, ನ್ಯೂಜೆರ್ಸಿ

ಮಾನ್ಯತೆಯ ಮಾತು ಬಂದದ್ದರಿಂದ ಹೇಳುತ್ತೇನೆ. ವಾರ್ಷಿಕ ಆದಾಯ ಸಾಮಾನ್ಯವಾಗಿ 50,000 ಡಾಲರ್ ಮೀರದ ಸಂಸ್ಥೆಗಳು ಪ್ರತಿವರ್ಷ ಅಮೆರಿಕದ ತೆರಿಗೆ ಇಲಾಖೆಗೆ 990-ಎನ್ ಎಂಬ ಚಿಕ್ಕ ವಿವರವನ್ನು ಸಲ್ಲಿಸಿದರೆ ಸಾಕು. ಸತತ ಮೂರು ವರ್ಷ ಅದನ್ನೂ ಸಲ್ಲಿಸದಿದ್ದರೆ ಮಾನ್ಯತೆ ತಾನಾಗಿ ರದ್ದಾಗುತ್ತದೆ. ನಮ್ಮದು ಕ್ರಮವಾಗಿದೆ, ಆದರೆ ಆ ಜವಾಬ್ದಾರಿ ಒಬ್ಬ ವ್ಯಕ್ತಿಯ ನೆನಪಿನ ಮೇಲೆ ನಿಂತಿರಬಾರದು.

ಸಾಲದ ಬಗ್ಗೆ ಹಿರಿಯರಿಗೆ ಗೌರವಪೂರ್ವಕವಾಗಿ ಒಂದು ಮಾತು: ವಿದೇಶಿ ವಂತಿಗೆಯ ಹಣವನ್ನು ಸಾಲವಾಗಿ ಕೊಟ್ಟು ಮರಳಿ ಪಡೆದರೆ ಲೆಕ್ಕಪತ್ರ ಬಹಳ ಜಟಿಲವಾಗುತ್ತದೆ. ಕೊಡುವುದನ್ನು ಅನುದಾನವೆಂದೇ ಕೊಡೋಣ.

ದತ್ತಿಗಳ ವಿಷಯದಲ್ಲೂ ಲೆಕ್ಕ ನೋಡಬೇಕು. ಮೂವತ್ತು ವರ್ಷಗಳ ಹಿಂದೆ ವಿಶ್ವವಿದ್ಯಾಲಯದಲ್ಲಿ 10,000 ರೂಪಾಯಿ ಠೇವಣಿ ಇಟ್ಟು ಪದಕ ಸ್ಥಾಪಿಸಿದವರಿದ್ದಾರೆ. ಶೇ 7ರ ಬಡ್ಡಿಯಲ್ಲಿ ಅದರಿಂದ ಬರುವುದು ವರ್ಷಕ್ಕೆ 700 ರೂಪಾಯಿ. 2000ದ ಸುಮಾರಿಗೆ ಡಾಲರಿಗೆ 45 ರೂಪಾಯಿಯ ಆಸುಪಾಸಿನಲ್ಲಿದ್ದ ವಿನಿಮಯ ದರ ಈಗ 85ನ್ನು ದಾಟಿದೆ. ಮೂಲಧನವನ್ನು ಇಲ್ಲಿಯೇ ಡಾಲರಿನಲ್ಲಿ ಇಟ್ಟು ಪ್ರತಿವರ್ಷ ಅಗತ್ಯವಿರುವಷ್ಟನ್ನು ಕಳುಹಿಸಿದ್ದರೆ ಆ ತಂದೆತಾಯಿಯರ ಹೆಸರಿನಲ್ಲಿ ಇಂದು ವಿದ್ಯಾರ್ಥಿಗೆ ಬಹುಶಃ ಇದಕ್ಕಿಂತ ಹೆಚ್ಚಿನ ನೆರವು ಸಿಗುತ್ತಿತ್ತು. ಹೆಸರನ್ನು ಉಳಿಸೋಣ, ಹಣ ಕೆಲಸ ಮಾಡುವ ರೀತಿಯನ್ನು ಬದಲಿಸೋಣ.

ಕಾರ್ಯದರ್ಶಿ, ಮಿಚಿಗನ್

ಎಲ್ಲರ ಅಭಿಪ್ರಾಯಗಳಿಂದ ಸಭೆಯ ಮುಂದಿಡಲು ಒಂದು ಕರಡು ಸಿದ್ಧವಾಗುತ್ತಿದೆ. ಆಕ್ಷೇಪಗಳಿದ್ದರೆ ಈಗಲೇ ತಿಳಿಸಿ.

ರಾಜ್ಯದಾದ್ಯಂತ ಚದುರಿ ಹಂಚುವುದನ್ನು ಬಿಟ್ಟು ಮೊದಲ ಮೂರು ವರ್ಷ ನಾಲ್ಕೇ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನು, ಅವುಗಳಲ್ಲಿ ಕನಿಷ್ಠ ಎರಡನ್ನು ಕಲ್ಯಾಣ ಕರ್ನಾಟಕದಲ್ಲಿ, ಆರಿಸಿಕೊಳ್ಳುವುದು. ಕಾಲೇಜಿಗೆ ಹಣ ಕೊಡದೆ, ಅಲ್ಲಿಗೆ ಸೇರಿದ ವಿದ್ಯಾರ್ಥಿಗಳನ್ನು ಪ್ರವೇಶದ ದಿನದಿಂದ ಪದವಿಯವರೆಗೆ ಹಿಂಬಾಲಿಸುವುದು. ಹಾಸ್ಟೆಲ್ ಸೀಟು ಸಿಗುವವರೆಗಿನ ವಸತಿ ಮತ್ತು ಊಟ, ವಿದ್ಯಾರ್ಥಿವೇತನ ಬರುವವರೆಗಿನ ಕೈಖರ್ಚು, ಪರೀಕ್ಷಾ ಶುಲ್ಕ, ಹಿರಿಯ ವಿದ್ಯಾರ್ಥಿಗಳ ಗೌರವಧನ, ಇಷ್ಟಕ್ಕೆ ಮಾತ್ರ ನಮ್ಮ ನೆರವು. ಪದವಿ ಮೂರು ವರ್ಷವೋ ನಾಲ್ಕೋ ಎಂಬುದು 2021ರಲ್ಲಿ ಒಂದು ರೀತಿ, 2024ರಲ್ಲಿ ಇನ್ನೊಂದು ರೀತಿ ಆಗಿರುವುದರಿಂದ, ನೆರವಿನ ಅವಧಿಯನ್ನು ವರ್ಷಗಳಲ್ಲಿ ಹೇಳದೆ "ಪದವಿ ಮುಗಿಯುವವರೆಗೆ" ಎಂದೇ ಬರೆಯುತ್ತಿದ್ದೇವೆ.

ಆಯ್ಕೆಗೆ ಪ್ರತಿ ಕಾಲೇಜಿನಲ್ಲಿ ಮೂವರ ಸಮಿತಿ: ನಿವೃತ್ತ ಅಧ್ಯಾಪಕರೊಬ್ಬರು, ಹಿಂದೆ ನೆರವು ಪಡೆದವರೊಬ್ಬರು, ಆ ಊರಿನವರಲ್ಲದವರೊಬ್ಬರು. ಸೇವೆಯಲ್ಲಿರುವ ಸರ್ಕಾರಿ ನೌಕರರನ್ನು ಈ ವ್ಯವಹಾರದಿಂದ ದೂರವೇ ಇಡುತ್ತೇವೆ. ಮೊದಲ ತಲೆಮಾರಿನ ವಿದ್ಯಾರ್ಥಿಯೇ, ಊರು ಕಾಲೇಜಿನಿಂದ ಎಷ್ಟು ದೂರ, ಮನೆಯವರು ಗುಳೆ ಹೋಗುತ್ತಾರೆಯೇ, ಬೇರೆ ಯಾವ ನೆರವು ಸಿಗುತ್ತಿದೆ ಎಂಬ ಲಿಖಿತ ಮಾನದಂಡಗಳಿಗೆ ಅಂಕಗಳಿರುತ್ತವೆ, ಆ ಪಟ್ಟಿ ಎಲ್ಲರಿಗೂ ಕಾಣುವಂತಿರುತ್ತದೆ. ಸ್ಥಾಪಕ ಸದಸ್ಯರು ಕೇಳಿದ ಖಾತರಿಗೆ ನಮ್ಮ ಬಳಿ ಇರುವ ಉತ್ತರ ಇದೇ. ನಿರ್ದೇಶಕ ಮಂಡಳಿಯ ಮೂರನೆಯ ಒಂದು ಭಾಗದ ಸ್ಥಾನಗಳು ಕರ್ನಾಟಕದಲ್ಲಿರುವವರಿಗೆ ಮತ್ತು ಹಿಂದೆ ನೆರವು ಪಡೆದವರಿಗೆ ಮೀಸಲಾಗುತ್ತವೆ. ಅವಧಿ ಮಿತಿಯೂ ಜಾರಿಗೆ ಬರುತ್ತದೆ. ಆ ನಿಯಮದ ಪ್ರಕಾರ ನಾನೂ ಈ ವರ್ಷವೇ ಸ್ಥಾನ ಬಿಡಬೇಕಾಗುತ್ತದೆ, ಸಂತೋಷದಿಂದ ಬಿಡುತ್ತೇನೆ.

ಹಣ ತಲುಪಿಸಲು ಎಫ್.ಸಿ.ಆರ್.ಎ. ನೋಂದಣಿ ಇದ್ದು, ನೇರವಾಗಿ ತಾನೇ ಜಿಲ್ಲೆಗಳಲ್ಲಿ ಕೆಲಸ ಮಾಡುವ ಒಂದು ಸಂಸ್ಥೆಯೊಂದಿಗೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ಅಂತಹ ಸಂಸ್ಥೆ ಸಿಗದಿದ್ದರೆ ಮಾತ್ರ ಪೂರ್ವಾನುಮತಿಗೆ ಅರ್ಜಿ ಹಾಕಿಸೋಣ.

ಸ್ಥಾಪಕ ಸದಸ್ಯರು, ಶಿಕಾಗೊ

ಸಾಲದ ಸಲಹೆಯನ್ನು ಒತ್ತಾಯಿಸುವುದಿಲ್ಲ. ಆ ಹುಡುಗಿ ಬರೆದದ್ದರ ಮುಂದೆ ನನ್ನ ವಾದಕ್ಕೆ ಬಲವಿಲ್ಲ. ಅಂಕಗಳ ಬಗ್ಗೆ ನನ್ನ ಅನುಮಾನ ಪೂರ್ತಿ ಹೋಗಿಲ್ಲ. ದತ್ತಿಗಳ ಕಾಲು ಭಾಗವನ್ನಾದರೂ ಅದೇ ನಾಲ್ಕು ಕಾಲೇಜುಗಳಲ್ಲಿ ಚೆನ್ನಾಗಿ ಓದಿ ಸ್ನಾತಕೋತ್ತರ ಪದವಿಗೆ ಹೋಗುವವರಿಗೆ ಇಡಬೇಕೆಂದು ತಿದ್ದುಪಡಿ ಸೂಚಿಸುತ್ತೇನೆ, ಮತ್ತು ಅದನ್ನು ಮತಕ್ಕೆ ಹಾಕಬೇಕೆಂದು ಕೋರುತ್ತೇನೆ. ಉಳಿದ ಕರಡಿಗೆ ನನ್ನ ಒಪ್ಪಿಗೆಯಿದೆ. ನಮ್ಮ ತಾಯಿಯ ಹೆಸರಿನ ದತ್ತಿಯನ್ನು ಹಾಸ್ಟೆಲ್ ಸೀಟು ಸಿಗುವವರೆಗಿನ ಊಟದ ಖರ್ಚಿಗೆ ಬಳಸಿಕೊಳ್ಳಬಹುದು.

ನಿವೃತ್ತ ಪ್ರಾಂಶುಪಾಲರು, ರಾಯಚೂರು ಜಿಲ್ಲೆ

ಕರಡನ್ನು ಓದಿ ನೆಮ್ಮದಿಯಾಯಿತು. ಒಂದೇ ಒಂದು ಸೂಚನೆ. ನಿಮ್ಮ ಸಭೆ ಯಾವ ತಿಂಗಳಿನಲ್ಲಿ ನಡೆದರೂ ಮೊದಲ ಕಂತಿನ ಒಪ್ಪಿಗೆ ದ್ವಿತೀಯ ಪಿ.ಯು.ಸಿ. ಫಲಿತಾಂಶಕ್ಕಿಂತ ಮೊದಲೇ ಆಗಿರಲಿ. ಫಲಿತಾಂಶ ಬಂದ ಮೇಲೆ ಪ್ರವೇಶಕ್ಕೆ ಉಳಿಯುವ ಕಾಲದಲ್ಲಿ ಮನೆಮನೆಗೆ ಹೋಗಿ ಮಾತನಾಡಬೇಕಾಗುತ್ತದೆ. ಆ ಹೊತ್ತಿನಲ್ಲಿ "ಅಮೆರಿಕದಿಂದ ಒಪ್ಪಿಗೆ ಬರಬೇಕು" ಎಂದು ಹೇಳಿದರೆ ತಂದೆತಾಯಿ ಕಾಯುವುದಿಲ್ಲ. ಪಕ್ಕದ ಎರಡು ತಾಲ್ಲೂಕುಗಳ ಪಿ.ಯು. ಕಾಲೇಜುಗಳಿಗೆ ಹೋಗಿ ಈ ವರ್ಷ ಪರೀಕ್ಷೆ ಬರೆಯುತ್ತಿರುವ ಮೊದಲ ತಲೆಮಾರಿನ ಮಕ್ಕಳ ಪಟ್ಟಿ ಮಾಡಲು ನಾನೂ ನನ್ನ ಇಬ್ಬರು ನಿವೃತ್ತ ಸಹೋದ್ಯೋಗಿಗಳೂ ಸಿದ್ಧರಿದ್ದೇವೆ. ಮಾನದಂಡಗಳ ನಮೂನೆಯನ್ನು ಕನ್ನಡದಲ್ಲಿ ಕಳುಹಿಸಿಕೊಟ್ಟರೆ ಕೆಲಸ ಶುರುಮಾಡುತ್ತೇವೆ.